ಪಿಕಪ್‌ನ ಹಿಂದೆ ಎರಡು ಸಣ್ಣ ಕಾರು: ಸರಿಯಾದ ಟ್ರೇಲರ್ ಆರಿಸುವ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ಪಿಕಪ್ ಇಟ್ಟುಕೊಂಡವರಿಗೆ ಎರಡು ಕಾರುಗಳನ್ನು ಒಂದೇ ಸಲ ಸಾಗಿಸುವ ಪ್ರಸಂಗ ಬೇರೆ ಬೇರೆ ಕಾರಣಕ್ಕೆ ಬರುತ್ತದೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಮನೆ ಬದಲಿಸುವ ಕುಟುಂಬ, ವಾರಾಂತ್ಯದಲ್ಲಿ ತಮ್ಮ ಮಿಯಾಟಾ ಎಂಬ ಎರಡು ಸೀಟಿನ ಕಾರುಗಳನ್ನು ರೇಸ್ ಟ್ರ್ಯಾಕಿಗೆ ಒಯ್ಯುವ ಇಬ್ಬರು ಗೆಳೆಯರು, ಹಳೆಯ ಮಿನಿ ಕಾರುಗಳನ್ನು ಕೊಂಡು ತಂದು ದುರಸ್ತಿ ಮಾಡುವ ಹವ್ಯಾಸಿಗಳು, ಹೀಗೆ ಎಲ್ಲರೂ ಕೊನೆಗೆ ಟ್ರೇಲರ್ ಮಾರುವವರ ಅಂಗಳದಲ್ಲಿ ನಿಂತು ‘ಯಾವ ಟ್ರೇಲರ್ ಕೊಳ್ಳಬೇಕು?’ ಎಂಬ ಒಂದೇ ಪ್ರಶ್ನೆ ಕೇಳುತ್ತಾರೆ. ಅಲ್ಲಿ ಅವರ ಕೈಯಲ್ಲಿರುವುದು ಸಾಮಾನ್ಯವಾಗಿ ಒಂದೇ ಒಂದು ಅಂಕಿ: ತಮ್ಮ ಪಿಕಪ್ ಇಷ್ಟು ಸಾವಿರ ಪೌಂಡ್ ಎಳೆಯುತ್ತದೆ ಎಂಬ ಜಾಹೀರಾತಿನ ಅಂಕಿ. ಆದರೆ ಎರಡು ಕಾರಿನ ಟ್ರೇಲರಿನ ವಿಷಯದಲ್ಲಿ ಮೊದಲು ಕೈಕೊಡುವುದು ಎಳೆಯುವ ಶಕ್ತಿಯಲ್ಲ. ಪಿಕಪ್‌ನ ಹಿಂಭಾಗ ಹೊರಬಲ್ಲ ಭಾರ, ಟ್ರೇಲರಿನ ಹಾಸಿನ ಉದ್ದ, ಹಾಸಿನ ಮೇಲೆ ಕಾರುಗಳು ನಿಲ್ಲುವ ಜಾಗ, ಈ ಮೂರು ಮೊದಲು ತೊಡಕಾಗುತ್ತವೆ. ಆದ್ದರಿಂದ ಲೆಕ್ಕವನ್ನು ಕಾರುಗಳಿಂದ ಆರಂಭಿಸಿ, ಟ್ರೇಲರನ್ನು ಅದಕ್ಕೆ ಹೊಂದಿಸಿ, ಕೊನೆಯಲ್ಲಿ ಪಿಕಪ್ ಅದನ್ನು ತಾಳುತ್ತದೆಯೇ ಎಂದು ನೋಡುವ ಕ್ರಮವನ್ನೇ ಇಲ್ಲಿ ಅನುಸರಿಸಲಾಗಿದೆ.

ಅಳತೆಗಳನ್ನು ಪೌಂಡ್, ಅಡಿ, ಇಂಚುಗಳಲ್ಲೇ ಕೊಟ್ಟಿದ್ದೇನೆ. ಅಲ್ಲಿನ ಫಲಕಗಳ ಮೇಲೆ ಎದ್ದು ಕಾಣುವಂತೆ ಇರುವುದು ಅವೇ. ಕಿಲೋ ಲೆಕ್ಕದಲ್ಲಿ ಯೋಚಿಸುವವರು 1,000 ಪೌಂಡ್ ಎಂದರೆ ಸುಮಾರು 454 ಕಿಲೋ ಎಂದು ನೆನಪಿಟ್ಟುಕೊಂಡರೆ ಸಾಕು.

ಮೊದಲ ಹಂತ: ಕಾರುಗಳನ್ನು ಅಳೆಯಿರಿ, ತೂಗಿಸಿ

‘ಸಣ್ಣ ಕಾರು’ ಎಂಬ ಮಾತು ಟ್ರೇಲರಿನ ಲೆಕ್ಕದಲ್ಲಿ ಬಹಳ ಮೋಸ ಮಾಡುತ್ತದೆ. 1959ರಲ್ಲಿ ಬಂದು 2000ದವರೆಗೂ ತಯಾರಾದ ಮೂಲ ಮಿನಿ ಸುಮಾರು 10 ಅಡಿ ಉದ್ದವಿದ್ದು, ಮಾದರಿಗೆ ತಕ್ಕಂತೆ 1,400 ಪೌಂಡ್ ಆಸುಪಾಸಿನಲ್ಲಿ ತೂಗುತ್ತದೆ. ಮಾಜ್ದಾ ಮಿಯಾಟಾ 13 ಅಡಿಗೆ ಸ್ವಲ್ಪ ಕಡಿಮೆ. ಹಳೆಯ ಮಾದರಿ 2,200 ಪೌಂಡ್ ಸಮೀಪ, ಈಗಿನದು 2,350 ಅಥವಾ ತುಸು ಹೆಚ್ಚು. ಹೋಂಡಾ ಫಿಟ್‌ನ ಕೊನೆಯ ಪೀಳಿಗೆ 13 ಅಡಿ 4 ಇಂಚು ಉದ್ದವಿದ್ದು 2,500 ಪೌಂಡ್ ದಾಟುತ್ತದೆ. ಟೊಯೊಟಾ ಕೊರೊಲಾ ಸೆಡಾನ್ 15 ಅಡಿ 2 ಇಂಚು, ತೂಕ 3,000 ಪೌಂಡಿನ ಆಚೆ ಈಚೆ. ಟೆಸ್ಲಾ ಮಾಡೆಲ್ 3 ನೋಡಲು ಅದೇ ಗಾತ್ರದ್ದಾದರೂ ಬ್ಯಾಟರಿಯ ಕಾರಣದಿಂದ ಕೆಲವು ಆವೃತ್ತಿಗಳಲ್ಲಿ 4,000 ಪೌಂಡ್ ಮುಟ್ಟುತ್ತದೆ. ಅಂದರೆ ಎರಡು ಮಿನಿಗಳೂ ಎರಡು ಟೆಸ್ಲಾಗಳೂ ‘ಎರಡು ಸಣ್ಣ ಕಾರು’ಗಳೇ ಆದರೂ ನಡುವಿನ ವ್ಯತ್ಯಾಸ 5,000 ಪೌಂಡಿಗೂ ಹೆಚ್ಚು.

ಕಾಗದದ ಮೇಲಿನ ತೂಕವನ್ನು ಅಂದಾಜಿಗೆ ಮಾತ್ರ ಬಳಸಿ. ತುಂಬಿದ ಟ್ಯಾಂಕ್, ಡಿಕ್ಕಿಯಲ್ಲಿರುವ ಸಾಮಾನು, ರೇಸ್ ಕಾರಾದರೆ ಒಳಗಿನ ರಕ್ಷಣಾ ಪಂಜರ (ರೋಲ್ ಕೇಜ್), ಎಲ್ಲವೂ ಸೇರಿ ಆಗುವ ನಿಜವಾದ ತೂಕವೇ ಬೇಕು. ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ಗಳಲ್ಲಿರುವ ಕ್ಯಾಟ್ ಸ್ಕೇಲ್ ತೂಕದ ಕಟ್ಟೆಯಲ್ಲಿ ಒಂದೊಂದೇ ಕಾರನ್ನು ನಿಲ್ಲಿಸಿ ತೂಗಿಸುವುದಕ್ಕೆ ಹೆಚ್ಚು ಖರ್ಚಾಗುವುದಿಲ್ಲ. ಹಾಗೆ ತೂಗಿಸುವಾಗ ಮುಂದಿನ ಮತ್ತು ಹಿಂದಿನ ಚಕ್ರಗಳ ತೂಕವನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಿ. ಮುಂದಿನ ಚಕ್ರದಿಂದ ಓಡುವ ಹೆಚ್ಚಿನ ಕಾರುಗಳಲ್ಲಿ ತೂಕದ ಸುಮಾರು 60 ಪ್ರತಿಶತ ಮುಂಭಾಗದಲ್ಲೇ ಇರುತ್ತದೆ, ಮಿಯಾಟಾದಲ್ಲಿ ಅದು ಹೆಚ್ಚು ಕಡಿಮೆ ಅರ್ಧರ್ಧ. ಕಾರನ್ನು ಮೂತಿ ಮುಂದಾಗಿ ಹತ್ತಿಸಬೇಕೋ ಹಿಮ್ಮುಖವಾಗಿ ಹತ್ತಿಸಬೇಕೋ ಎಂಬುದನ್ನು ಮುಂದೆ ಇದೇ ಅಂಕಿ ನಿರ್ಧರಿಸುತ್ತದೆ.

ಉದ್ದದ ಲೆಕ್ಕ ಸರಳ. ಎರಡು ಕಾರುಗಳ ಬಂಪರಿನಿಂದ ಬಂಪರಿನವರೆಗಿನ ಉದ್ದ ಕೂಡಿಸಿ, ನಡುವೆ ಕನಿಷ್ಠ ಒಂದಡಿ, ಮುಂದೆ ಹಿಂದೆ ಸೇರಿ ಇನ್ನೊಂದು ಅಡಿ ಬಿಡಿ. ಎರಡು ಮಿನಿಗಳಿಗೆ 22 ಅಡಿ, ಎರಡು ಮಿಯಾಟಾಗಳಿಗೆ 28 ಅಡಿ, ಎರಡು ಕೊರೊಲಾಗಳಿಗೆ 32ರಿಂದ 33 ಅಡಿ ಹಾಸು ಬೇಕಾಗುತ್ತದೆ. ನಡುವಿನ ಒಂದಡಿಯನ್ನು ಉಳಿಸಲು ಹೋಗಬೇಡಿ. ಕಟ್ಟಿದ ಪಟ್ಟಿಗಳ ಎಳೆತಕ್ಕೆ ಕಾರುಗಳು ಅಲುಗಾಡುವಾಗ ಬಂಪರುಗಳು ಒಂದಕ್ಕೊಂದು ತಾಗಬಾರದು, ನೀವು ನಡುವೆ ಕಾಲಿಟ್ಟು ಪಟ್ಟಿ ಬಿಗಿಯುವಷ್ಟು ಜಾಗವೂ ಇರಬೇಕು.

ಎರಡನೆಯ ಹಂತ: ಟ್ರೇಲರಿನ ಬಗೆಯನ್ನು ತೀರ್ಮಾನಿಸಿ

ತೆರೆದ ಟ್ರೇಲರುಗಳಲ್ಲಿ ಮುಖ್ಯವಾಗಿ ಮೂರು ಬಗೆಗಳು ಎದುರಾಗುತ್ತವೆ. ಮೊದಲನೆಯದು ಪಿಕಪ್‌ನ ಬಂಪರಿನ ಕೆಳಗಿರುವ, ಟ್ರೇಲರ್ ಜೋಡಿಸುವ ಕೊಂಡಿಯಾದ ಹಿಚ್‌ಗೆ ಸಿಕ್ಕಿಸುವ, ಚಕ್ರಗಳು ಹಾಸಿನ ಎರಡೂ ಪಕ್ಕಕ್ಕೆ ಇರುವ ತಗ್ಗಿನ ಟ್ರೇಲರು. ಎರಡನೆಯದು ಡೆಕ್‌ಓವರ್, ಇದರಲ್ಲಿ ಹಾಸು ಚಕ್ರಗಳ ಮೇಲೆಯೇ ಬರುವುದರಿಂದ ಅಗಲ ಪೂರ್ತಿ ಸಿಗುತ್ತದೆ, ಆದರೆ ಹಾಸು ನೆಲದಿಂದ 3 ಅಡಿಯಷ್ಟು ಎತ್ತರಕ್ಕೆ ಹೋಗುತ್ತದೆ. ಮೂರನೆಯದು ಗೂಸ್‌ನೆಕ್; ಇದರ ಕತ್ತು ಪಿಕಪ್‌ನ ತೊಟ್ಟಿಯೊಳಗೆ, ಹಿಂದಿನ ಆಕ್ಸಲಿನ (ಚಕ್ರದ ಅಚ್ಚಿನ) ನೇರಕ್ಕೆ ಅಳವಡಿಸಿದ ಬಾಲ್ ಎಂಬ ಕಬ್ಬಿಣದ ಗುಂಡಿನ ಮೇಲೆ ಕೂರುತ್ತದೆ. ಸುತ್ತಲೂ ಮುಚ್ಚಿದ ಟ್ರೇಲರುಗಳೂ ಇವೆ. ಮಳೆ, ಕಳ್ಳರ ಭಯವಿದ್ದರೆ ಅವು ಒಳ್ಳೆಯವು, ಆದರೆ ತೂಕವೂ ಗಾಳಿಯ ತಡೆಯೂ ಬಹಳ ಹೆಚ್ಚುವುದರಿಂದ ಸಾಧಾರಣ ಪಿಕಪ್ ಇರುವವರು ಎರಡು ಕಾರಿಗೆ ಅವುಗಳತ್ತ ಹೋಗದಿರುವುದೇ ಲೇಸು.

ತಗ್ಗಿನ ಟ್ರೇಲರಿನಲ್ಲಿ ಚಕ್ರಗಳ ಮೇಲಿನ ಫೆಂಡರುಗಳ ನಡುವೆ ಸಾಮಾನ್ಯವಾಗಿ 82ರಿಂದ 83 ಇಂಚು ಅಗಲ ಸಿಗುತ್ತದೆ. ಮಿಯಾಟಾ ಸುಮಾರು 68 ಇಂಚು ಅಗಲವಿರುವುದರಿಂದ ಎರಡೂ ಬದಿಗೆ 7 ಇಂಚು ಉಳಿಯುತ್ತದೆ. ತೊಂದರೆ ಶುರುವಾಗುವುದು ಇಲ್ಲಿಯೇ. ಒಂದೇ ಕಾರು ಸಾಗಿಸುವವರು ಬಾಗಿಲು ಫೆಂಡರಿನ ಮುಂದೆಯೋ ಹಿಂದೆಯೋ ಬರುವಂತೆ ಕಾರನ್ನು ನಿಲ್ಲಿಸಿಕೊಳ್ಳಬಹುದು. ಎರಡು ಕಾರುಗಳಿದ್ದಾಗ ಆ ಸ್ವಾತಂತ್ರ್ಯ ಇರುವುದಿಲ್ಲ. ಒಂದು ಕಾರಿನ ಬಾಗಿಲು ಫೆಂಡರಿನ ಎದುರಿಗೇ ಬಂದು ನಿಲ್ಲುವ ಸಂಭವ ಹೆಚ್ಚು. ಆಗ ಬಾಗಿಲನ್ನು ಒಂದು ಗೇಣು ತೆರೆಯುವುದರೊಳಗೆ ಅದರ ಅಂಚು ಫೆಂಡರಿಗೆ ತಾಗುತ್ತದೆ, ಚಾಲಕ ಕಿಟಕಿಯಿಂದಲೇ ಹೊರಬರಬೇಕಾಗುತ್ತದೆ. ಕೊಳ್ಳುವ ಮೊದಲೇ ಚಾಲಕನ ಬದಿಯ ಫೆಂಡರನ್ನು ಬಿಚ್ಚಿ ತೆಗೆಯಲು ಬರುವಂಥ ಅಥವಾ ಅದರ ಮೇಲೆಯೇ ಕಾರು ಹತ್ತಿಸಬಹುದಾದ ಗಟ್ಟಿ ಫೆಂಡರಿನ ಮಾದರಿಯನ್ನು ಕೇಳಿ. ಈ ಒಂದು ಸೌಲಭ್ಯಕ್ಕೆ ತೆರುವ ಹೆಚ್ಚಿನ ಹಣ ಪ್ರತಿ ಪ್ರಯಾಣದಲ್ಲೂ ಮರಳಿ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಡೆಕ್‌ಓವರಿನಲ್ಲಿ ಬಾಗಿಲಿನ ಗೊಡವೆ ಇಲ್ಲ, ಹತ್ತಿಸುವ ಕಷ್ಟ ಇದೆ. 34 ಇಂಚು ಎತ್ತರದ ಹಾಸಿಗೆ 8 ಅಡಿಯ ರ‍್ಯಾಂಪ್ ಇಟ್ಟರೆ ಏರು ಸುಮಾರು 20 ಡಿಗ್ರಿಯಾಗುತ್ತದೆ. ನೆಲಕ್ಕೆ ತಗ್ಗಾಗಿರುವ ಕಾರಿನ ಮುಂದಿನ ತುಟಿ ರ‍್ಯಾಂಪಿನ ಬುಡದಲ್ಲೇ ಉಜ್ಜುತ್ತದೆ, ಅಲ್ಲಿ ಪಾರಾದರೂ ರ‍್ಯಾಂಪ್ ಮತ್ತು ಹಾಸು ಕೂಡುವ ಮೂಲೆಯಲ್ಲಿ ಹೊಟ್ಟೆ ತಾಗುತ್ತದೆ. ಹಿಂಬದಿಯ ಕೆಲವು ಅಡಿ ಹಾಸು ಕೆಳಕ್ಕೆ ಬಾಗಿರುವ ಡವ್‌ಟೇಲ್ ಮಾದರಿ, ಇಲ್ಲವೇ ಇಡೀ ಹಾಸೇ ವಾಲುವ ಟಿಲ್ಟ್ ಮಾದರಿ ಈ ಏರನ್ನು ತಗ್ಗಿಸುತ್ತದೆ. ಬೋಲ್ಟು ಬಿಗಿದ ದಪ್ಪ ಮರದ ಹಲಗೆಗಳನ್ನು ರ‍್ಯಾಂಪಿನ ಬುಡಕ್ಕೆ ಇಟ್ಟುಕೊಳ್ಳುವುದು ಎಲ್ಲರೂ ಮಾಡುವ ಅಗ್ಗದ ಉಪಾಯ. ಎಂಜಿನ್ ಓಡದ ಕಾರಾದರೆ ಹಾಸಿನ ತುದಿಯಲ್ಲಿ ಅದನ್ನು ಎಳೆದುಕೊಳ್ಳುವ ವಿಂಚ್ ಕೂರಿಸುವ ಜಾಗ ಇದೆಯೇ ಎಂದೂ ನೋಡಿ.

ಮೂರನೆಯ ಹಂತ: ಟ್ರೇಲರಿನ ತೂಕದ ದರ್ಜೆ

ಪ್ರತಿ ಟ್ರೇಲರಿನ ಮೂತಿಯ ಬಳಿ, ಸಾಮಾನ್ಯವಾಗಿ ಎಡಗಡೆಗೆ, ತಯಾರಕರ ಫಲಕವಿರುತ್ತದೆ. ಅದರಲ್ಲಿ ಜಿವಿಡಬ್ಲ್ಯೂಆರ್ ಎಂದು ಬರೆದಿರುವ ಅಂಕಿ ಟ್ರೇಲರೂ ಅದರ ಮೇಲಿನ ಹೇರೂ ಸೇರಿ ಮೀರಬಾರದ ಒಟ್ಟು ತೂಕ. ಇದರಿಂದ ಖಾಲಿ ಟ್ರೇಲರಿನ ತೂಕವನ್ನು ಕಳೆದರೆ ಎಷ್ಟು ಹೇರಬಹುದು ಎಂಬುದು ಸಿಗುತ್ತದೆ. ಮಾರಾಟಗಾರರು ‘ಇದು ಏಳು ಸಾವಿರದ ಟ್ರೇಲರು’ ಎಂದಾಗ ಏಳು ಸಾವಿರ ಪೌಂಡಿನ ಕಾರು ಹೇರಬಹುದು ಎಂದು ತಿಳಿಯುವವರು ಈಗಲೂ ಇದ್ದಾರೆ.

ತಲಾ 3,500 ಪೌಂಡಿನ ಎರಡು ಆಕ್ಸಲುಗಳಿರುವ 7,000 ಪೌಂಡಿನ ಟ್ರೇಲರೇ ಮಾರುಕಟ್ಟೆಯಲ್ಲಿ ಅತ್ಯಂತ ಸಾಮಾನ್ಯ. 24 ಅಡಿ ಹಾಸಿನ ಇಂಥ ಟ್ರೇಲರು ಖಾಲಿ 2,600 ಪೌಂಡ್ ಇದೆ ಎಂದುಕೊಂಡರೆ ಉಳಿಯುವುದು 4,400. ಎರಡು ಮಿನಿಗಳ 2,800 ಪೌಂಡ್ ಇದರಲ್ಲಿ ಧಾರಾಳವಾಗಿ ಹಿಡಿಸುತ್ತದೆ. ಎರಡು ಮಿಯಾಟಾಗಳು ಹಿಡಿಸುವುದಿಲ್ಲ. ಅವಕ್ಕೆ ತಲಾ 5,200 ಪೌಂಡಿನ ಎರಡು ಆಕ್ಸಲುಗಳ, ಫಲಕದಲ್ಲಿ ಹೆಚ್ಚಾಗಿ 9,990 ಎಂದು ಬರೆದಿರುವ ದರ್ಜೆ ಬೇಕು. ಆ ವಿಚಿತ್ರ ಅಂಕಿಗೆ ಕಾರಣ ಕಾನೂನು; 10,000 ಪೌಂಡ್ ದಾಟಿದ ಟ್ರೇಲರಿಗೆ ಹಲವು ನಿಯಮಗಳು ಬದಲಾಗುತ್ತವೆ. ಕೊರೊಲಾ ಗಾತ್ರದ ಎರಡು ಕಾರುಗಳಿಗೆ ತಲಾ 7,000 ಪೌಂಡಿನ ಆಕ್ಸಲುಗಳ 14,000 ದರ್ಜೆಯೇ ಸರಿ.

ಇದೇ ಸಮಯದಲ್ಲಿ ಟೈರನ್ನೂ ನೋಡಿಬಿಡಿ. ಟ್ರೇಲರಿನ ಟೈರುಗಳ ಮೇಲೆ ಎಸ್‌ಟಿ ಎಂಬ ಗುರುತಿರುತ್ತದೆ. ಎಸ್‌ಟಿ225/75ಆರ್15 ಗಾತ್ರದ ಡಿ ದರ್ಜೆಯ ಟೈರು 65 ಪಿಎಸ್‌ಐ ಗಾಳಿಯಲ್ಲಿ 2,540 ಪೌಂಡ್ ಹೊರುತ್ತದೆ, ನಾಲ್ಕಕ್ಕೆ 10,160. ಎಸ್‌ಟಿ235/80ಆರ್16 ಗಾತ್ರದ ಇ ದರ್ಜೆಯದು 80 ಪಿಎಸ್‌ಐಯಲ್ಲಿ 3,520, ನಾಲ್ಕಕ್ಕೆ 14,080. ಟ್ರೇಲರಿನ ದರ್ಜೆಗೂ ಟೈರಿನ ಸಾಮರ್ಥ್ಯಕ್ಕೂ ನಡುವೆ ಎಷ್ಟು ಕಡಿಮೆ ಅಂತರವಿದೆ ಎಂಬುದನ್ನು ಗಮನಿಸಿ. ಗಾಳಿ ಸ್ವಲ್ಪ ಇಳಿದರೂ ಆ ಅಂತರ ಹೋಗುತ್ತದೆ. ಬೇರೆ ವೇಗದ ಗುರುತಿಲ್ಲದ ಎಸ್‌ಟಿ ಟೈರುಗಳನ್ನು ಗಂಟೆಗೆ 65 ಮೈಲಿ ಮೀರಿ ಓಡಿಸುವಂತಿಲ್ಲ.

ನಾಲ್ಕನೆಯ ಹಂತ: ಪಿಕಪ್ ತಾಳುತ್ತದೆಯೇ?

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ ಅಂಚಿನ ಒಂದು ಚೀಟಿ ಅಂಟಿಸಿರುತ್ತಾರೆ. ಜನರೂ ಸಾಮಾನೂ ಸೇರಿ ಇಷ್ಟು ಕಿಲೋ ಅಥವಾ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಇದು ನಿಮ್ಮದೇ ಪಿಕಪ್‌ಗೆ, ಕಾರ್ಖಾನೆಯಲ್ಲಿ ಅದಕ್ಕೆ ಹಾಕಿದ ಸೀಟು, ಸನ್‌ರೂಫ್, ದೊಡ್ಡ ಚಕ್ರಗಳನ್ನು ಲೆಕ್ಕ ಹಿಡಿದು ಕೊಟ್ಟ ಅಂಕಿ. ಒಂದೇ ಮಾದರಿಯ ಎರಡು ಪಿಕಪ್‌ಗಳ ನಡುವೆ ಇದರಲ್ಲಿ ನೂರಾರು ಪೌಂಡ್ ವ್ಯತ್ಯಾಸವಿರಬಹುದು. ಜಾಹೀರಾತಿನ ಎಳೆತದ ಅಂಕಿ ಸುಳ್ಳೇನಲ್ಲ. ತಯಾರಕರು ಅನುಸರಿಸುವ ಎಸ್‌ಎಇ ಜೆ2807 ಎಂಬ ಮಾನದಂಡದಲ್ಲಿ ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು ಹತ್ತಿಸುವ ಪರೀಕ್ಷೆಯೂ ಸೇರಿದೆ. ಆದರೆ ಆ ಲೆಕ್ಕ ತಲಾ 150 ಪೌಂಡಿನ ಇಬ್ಬರು ಮಾತ್ರ ಒಳಗಿದ್ದಾರೆ, ಬಂಪರ್ ಹಿಚ್ ಮೇಲೆ ಟ್ರೇಲರಿನ ಶೇಕಡಾ 10ರಷ್ಟೇ ಭಾರ ಬಿದ್ದಿದೆ ಎಂಬ ಊಹೆಯ ಮೇಲೆ ನಿಂತಿದೆ.

ಟ್ರೇಲರಿನ ಮೂತಿ ಹಿಚ್ ಮೇಲೆ ಕೆಳಮುಖವಾಗಿ ಹೇರುವ ಭಾರಕ್ಕೆ ಅಲ್ಲಿ ಟಂಗ್ ವೇಟ್ ಎನ್ನುತ್ತಾರೆ, ನಾವು ಮೂಕಿಭಾರ ಎನ್ನೋಣ. ಎತ್ತಿನ ಗಾಡಿ ಹಿಂಭಾರವಾದರೆ ಮೂಕಿ ಮೇಲೇಳುವ ಹಾಗೆ, ಟ್ರೇಲರ್ ಹಿಂಭಾರವಾದರೆ ಪಿಕಪ್‌ನ ಹಿಂಬದಿ ಹಗುರಾಗುತ್ತದೆ, ವೇಗದಲ್ಲಿ ಟ್ರೇಲರು ಅತ್ತಿತ್ತ ಓಲಾಡತೊಡಗುತ್ತದೆ. ಆದ್ದರಿಂದ ಬಂಪರ್ ಹಿಚ್‌ನ ಟ್ರೇಲರಿನಲ್ಲಿ ಒಟ್ಟು ತೂಕದ 10ರಿಂದ 15 ಪ್ರತಿಶತ, ಗೂಸ್‌ನೆಕ್‌ನಲ್ಲಿ 15ರಿಂದ 25 ಪ್ರತಿಶತ ಮೂಕಿಭಾರ ಇರಲೇಬೇಕು. ಈ ಭಾರವೆಲ್ಲ ಬಾಗಿಲಿನ ಚೀಟಿಯ ಅಂಕಿಯೊಳಗೇ ಸೇರಬೇಕು.

ಎರಡು ಮಿಯಾಟಾಗಳ ಲೆಕ್ಕವನ್ನೇ ನೋಡೋಣ. ಕಾರುಗಳು 4,700, ಉಪಕರಣ ಮತ್ತು ಹೆಚ್ಚುವರಿ ಚಕ್ರಗಳು 300, ಖಾಲಿ ಟ್ರೇಲರು 4,500 ಎಂದಿಟ್ಟುಕೊಂಡರೆ ಒಟ್ಟು 9,500 ಪೌಂಡ್. ಹಾಫ್ ಟನ್ ಎಂದು ಕರೆಯುವ ಎಫ್-150 ವರ್ಗದ ಅನೇಕ ಪಿಕಪ್‌ಗಳ ಎಳೆತದ ದರ್ಜೆ ಇದಕ್ಕಿಂತ ಹೆಚ್ಚೇ ಇರುತ್ತದೆ. ಈಗ ಶೇಕಡಾ 12ರ ಮೂಕಿಭಾರ ತೆಗೆಯಿರಿ, 1,140 ಪೌಂಡ್ ಆಗುತ್ತದೆ. ಬಾಗಿಲಿನ ಚೀಟಿ 1,600 ಎನ್ನುತ್ತಿದ್ದರೆ, ಅದರಿಂದ ಇಬ್ಬರು ಮನುಷ್ಯರ 350, ಭಾರ ಹಂಚುವ ಹಿಚ್‌ನ 100 ಕಳೆದರೆ ಉಳಿಯುವುದು 1,150. ಕೈಯಲ್ಲಿ ಮಿಕ್ಕಿದ್ದು 10 ಪೌಂಡ್! ತೊಟ್ಟಿಗೆ ಹಾಕಿಸಿದ ಮುಚ್ಚಳ, ಐಸ್ ಪೆಟ್ಟಿಗೆ, ಹಿಂದಿನ ಸೀಟಿನಲ್ಲಿ ಕೂರುವ ಮಗು, ಇದರಲ್ಲಿ ಯಾವುದಕ್ಕೂ ಜಾಗವಿಲ್ಲ. ಭಾರ ಹಂಚುವ ಹಿಚ್ ಮೂಕಿಭಾರದ ಒಂದು ಪಾಲನ್ನು ಪಿಕಪ್‌ನ ಮುಂದಿನ ಚಕ್ರಗಳಿಗೂ ಟ್ರೇಲರಿನ ಆಕ್ಸಲುಗಳಿಗೂ ವರ್ಗಾಯಿಸುತ್ತದೆ ಎಂಬುದು ನಿಜ, ಆದರೂ ಕೊಳ್ಳುವ ಹಂತದಲ್ಲಿ ಆ ಲಾಭವನ್ನು ಲೆಕ್ಕಕ್ಕೆ ಹಿಡಿಯದಿರುವುದು ಕ್ಷೇಮ. ಹಾಫ್ ಟನ್ ಪಿಕಪ್ ಇರುವವರಿಗೆ ಎರಡು ಮಿಯಾಟಾಗಳೇ ಗಡಿ, ಅದಕ್ಕಿಂತ ಭಾರದ ಜೋಡಿಯನ್ನು ಹೇರಲು ಹೋಗಬಾರದು. ಟೊಯೊಟಾ ಟಕೋಮಾ, ಫೋರ್ಡ್ ರೇಂಜರ್ ಗಾತ್ರದವಕ್ಕೆ ಮಿನಿಗಳಂಥ ಹಗುರ ಜೋಡಿಯ ಮಾತು ಮಾತ್ರ ಆಡಬಹುದು.

ಭಾರಿ ಪಿಕಪ್ ಕೊಂಡರೆ ಲೆಕ್ಕವೇ ಬೇಡ ಎಂಬ ನಂಬಿಕೆಯೂ ಸರಿಯಲ್ಲ. ಎಫ್-250 ವರ್ಗದ ಅನೇಕ ಪಿಕಪ್‌ಗಳ ಒಟ್ಟು ತೂಕದ ದರ್ಜೆ 10,000 ಪೌಂಡಿಗೆ ನಿಲ್ಲುತ್ತದೆ. ಅದರಲ್ಲಿ ಡೀಸೆಲ್ ಎಂಜಿನ್, ನಾಲ್ಕು ಬಾಗಿಲಿನ ಕ್ಯಾಬ್, ನಾಲ್ಕು ಚಕ್ರದ ಚಾಲನೆ ಸೇರಿದಾಗ ಹೊರುವ ಸಾಮರ್ಥ್ಯ ನಿರೀಕ್ಷೆಗಿಂತ ಬಹಳ ಕೆಳಗಿಳಿಯುತ್ತದೆ. ಎರಡು ಕೊರೊಲಾಗಳು, ಸಾಮಾನು, 5,500 ಪೌಂಡಿನ ಟ್ರೇಲರು ಸೇರಿ 11,700 ಎಂದುಕೊಳ್ಳಿ. ಗೂಸ್‌ನೆಕ್‌ನಲ್ಲಿ ಶೇಕಡಾ 20 ಹಿಡಿದರೆ 2,340 ಪೌಂಡ್ ಪಿಕಪ್ ಮೇಲೆ ಬೀಳುತ್ತದೆ. ಚೀಟಿ 2,300 ಎಂದರೆ ಜನ ಹತ್ತುವ ಮೊದಲೇ ಲೆಕ್ಕ ಮೀರಿತು. ಅದೇ ತೂಕ ಬಂಪರ್ ಹಿಚ್‌ನಲ್ಲಿ ಶೇಕಡಾ 12ರಂತೆ ಸುಮಾರು 1,400 ಪೌಂಡ್, ಆದ್ದರಿಂದ ಹಿಡಿಸುತ್ತದೆ. ಓಲಾಟದ ದೃಷ್ಟಿಯಿಂದ ಗೂಸ್‌ನೆಕ್ ನಿಸ್ಸಂದೇಹವಾಗಿ ಉತ್ತಮ, ಇಕ್ಕಟ್ಟಿನಲ್ಲಿ ತಿರುಗಿಸುವುದೂ ಸುಲಭ, ಆದರೆ ಅದು ಬೆನ್ನು ಗಟ್ಟಿಯಿರುವ ಪಿಕಪ್ ಕೇಳುತ್ತದೆ. ಒಂದು ಟನ್ (ಎಫ್-350) ವರ್ಗದ ಪಿಕಪ್ ಇದ್ದವರು ಗೂಸ್‌ನೆಕ್ ಕೊಳ್ಳಲಿ, ಮುಕ್ಕಾಲು ಟನ್‌ನವರು (ಎಫ್-250 ವರ್ಗ) ಚೀಟಿ ನೋಡಿ ನಿರ್ಧರಿಸಲಿ.

ಐದನೆಯ ಹಂತ: ಹಿಚ್, ಬ್ರೇಕ್, ವೈರು

ಪಿಕಪ್‌ನ ಹಿಚ್‌ಗೂ ತನ್ನದೇ ಫಲಕವಿದೆ. ಅದರಲ್ಲಿ ಎರಡು ಸಾಲುಗಳಿರುತ್ತವೆ: ಭಾರ ಹಂಚುವ ಸಾಧನವಿಲ್ಲದಾಗ ಒಂದು ಮಿತಿ, ಇದ್ದಾಗ ಇನ್ನೊಂದು. ಹಾಫ್ ಟನ್ ಪಿಕಪ್‌ಗಳಲ್ಲಿ ಮೊದಲ ಸಾಲಿನ ಅಂಕಿ ಎರಡು ಕಾರಿನ ಟ್ರೇಲರಿಗೆ ಸಾಲದಿರುವುದು ಸಾಮಾನ್ಯ. ಹಿಚ್‌ನ ಕೊಳವೆ, ಬಾಲ್ ಕೂರುವ ಕಬ್ಬಿಣ, ಬಾಲ್, ಆ ಬಾಲನ್ನು ಹಿಡಿಯುವ ಟ್ರೇಲರಿನ ಕಪ್ಲರ್, ಇವುಗಳಲ್ಲಿ ಯಾವುದರ ದರ್ಜೆ ಎಲ್ಲಕ್ಕಿಂತ ಕಡಿಮೆಯೋ ಅದೇ ಇಡೀ ಜೋಡಣೆಯ ದರ್ಜೆ. ಈ ತೂಕದ ಟ್ರೇಲರುಗಳು ಸಾಮಾನ್ಯವಾಗಿ 2 5/16 ಇಂಚಿನ ಬಾಲ್ ಕೇಳುತ್ತವೆ. ಅವುಗಳ ಕಪ್ಲರಿನೊಳಗೆ 2 ಇಂಚಿನ ಬಾಲ್ ಹಾಕಿದರೂ ಅದು ಮುಚ್ಚಿಕೊಂಡಂತೆ ಕಾಣುತ್ತದೆ, ರಸ್ತೆಯ ಮೊದಲ ದೊಡ್ಡ ಕುಲುಕಿಗೆ ಕಳಚಿಕೊಳ್ಳುತ್ತದೆ. ಸಿಕ್ಕಿಸಿದ ಮೇಲೆ ಟ್ರೇಲರಿನ ಜಾಕ್‌ನಿಂದ ಮೂತಿಯನ್ನು ಎತ್ತಿ ನೋಡಿ; ಪಿಕಪ್‌ನ ಹಿಂಬದಿಯೂ ಜೊತೆಗೇ ಏಳಬೇಕು.

ಎರಡೂ ಆಕ್ಸಲುಗಳಿಗೆ ವಿದ್ಯುತ್ ಬ್ರೇಕ್ ಇರುವ ಟ್ರೇಲರನ್ನೇ ಕೊಳ್ಳಿ. ಪಿಕಪ್‌ನಲ್ಲಿ ಬ್ರೇಕ್ ಕಂಟ್ರೋಲರ್ ಮೊದಲೇ ಇಲ್ಲದಿದ್ದರೆ, ವೇಗ ಇಳಿಯುವ ಪ್ರಮಾಣಕ್ಕೆ ತಕ್ಕಂತೆ ಟ್ರೇಲರಿನ ಬ್ರೇಕ್ ಒತ್ತುವ ಬಗೆಯದನ್ನು ಹಾಕಿಸಿ. ಸಮಯದ ಲೆಕ್ಕದಲ್ಲಿ ಒತ್ತುವ ಅಗ್ಗದವು ಈ ತೂಕಕ್ಕೆ ತಕ್ಕವಲ್ಲ. ಏಳು ಪಿನ್‌ನ ಪ್ಲಗ್, ಅಡ್ಡಹಾಯಿಸಿ ಕಟ್ಟುವ ಸುರಕ್ಷತಾ ಸರಪಳಿಗಳು, ಟ್ರೇಲರು ಕಳಚಿಕೊಂಡರೆ ತಾನೇ ಬ್ರೇಕ್ ಹಿಡಿಯುವ ಬ್ರೇಕ್‌ಅವೇ ಸ್ವಿಚ್, ಅದರ ಪುಟ್ಟ ಬ್ಯಾಟರಿ ಎಲ್ಲವೂ ಇರಬೇಕು. ಆ ಸ್ವಿಚ್‌ನ ಪಿನ್ ಎಳೆದು ಟ್ರೇಲರಿನ ಚಕ್ರಗಳು ಬಿಗಿಯುತ್ತವೆಯೇ ಎಂದು ಕೊಳ್ಳುವಾಗಲೇ ಪರೀಕ್ಷಿಸಿ. ಹಳೆಯ ಟ್ರೇಲರುಗಳಲ್ಲಿ ಆ ಬ್ಯಾಟರಿ ಸತ್ತಿರುವುದೇ ಹೆಚ್ಚು.

ಆರನೆಯ ಹಂತ: ಹಾಸಿನ ಮೇಲೆ ಎಲ್ಲಿ?

ಒಂದು ಕಾರನ್ನು ಹಾಸಿನ ಮೇಲೆ ಒಂದಡಿ ಮುಂದೆ ಸರಿಸಿದರೆ ಎಷ್ಟು ಬದಲಾಗುತ್ತದೆ ಎಂದು ಲೆಕ್ಕ ಹಾಕಿ. ಬಾಲ್‌ನಿಂದ ಟ್ರೇಲರಿನ ಎರಡು ಆಕ್ಸಲುಗಳ ನಡುವಿನ ಬಿಂದುವಿಗೆ 20 ಅಡಿ ಇದ್ದರೆ, 2,350 ಪೌಂಡಿನ ಕಾರನ್ನು ಒಂದಡಿ ಸರಿಸಿದಾಗ ಮೂಕಿಭಾರ ಆ 20ರಲ್ಲಿ ಒಂದು ಪಾಲು, ಅಂದರೆ ಸುಮಾರು 117 ಪೌಂಡ್ ಬದಲಾಗುತ್ತದೆ. ಎರಡೂ ಕಾರುಗಳನ್ನು ಒಂದೊಂದಡಿ ಸರಿಸಿದರೆ 235. ಮೇಲಿನ ಉದಾಹರಣೆಯಲ್ಲಿ ಕೈಯಲ್ಲಿ ಮಿಕ್ಕಿದ್ದು 10 ಪೌಂಡ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಹಾಸು ಎರಡಡಿ ಉದ್ದ ಹೆಚ್ಚಿರಲಿ ಎಂದು ಅನುಭವಿಗಳು ಹೇಳುವುದೇಕೆ ಎಂದು ತಿಳಿಯುತ್ತದೆ. ಕಾರುಗಳು ಇಂಚು ಇಂಚಾಗಿ ತುಂಬಿಕೊಳ್ಳುವ ಹಾಸಿನಲ್ಲಿ ಸರಿಸಲು ಎಡೆಯೇ ಇರುವುದಿಲ್ಲ, ಆಗ ಮೂಕಿಭಾರ ಏನಾಗಿದೆಯೋ ಅದನ್ನೇ ಒಪ್ಪಿಕೊಳ್ಳಬೇಕಾಗುತ್ತದೆ.

ಮೂಕಿಭಾರ ಹೆಚ್ಚಾಗಿದ್ದರೆ ಮುಂದಿನ ಕಾರನ್ನು ಹಿಮ್ಮುಖವಾಗಿ ಹತ್ತಿಸುವುದು ಒಂದು ದಾರಿ. ಎಂಜಿನ್ನಿನ ಭಾರ ಆಗ ಆಕ್ಸಲಿನ ಕಡೆಗೆ ಬರುತ್ತದೆ. ಕಡಿಮೆಯಿದ್ದರೆ ಹಿಂದಿನ ಕಾರು ಮೂತಿ ಮುಂದಾಗಿ ನಿಲ್ಲಬೇಕು. ಎರಡು ಕಾರುಗಳ ತೂಕ ಬೇರೆಯಾದರೆ ಭಾರದ್ದು ಆಕ್ಸಲಿಗೆ ಹತ್ತಿರವಿರಲಿ. ಹತ್ತಿಸುವಾಗ ಇಳಿಸುವಾಗ ಟ್ರೇಲರು ಪಿಕಪ್‌ಗೆ ಸಿಕ್ಕಿಸಿಕೊಂಡೇ ಇರಬೇಕು, ಹಿಂಬದಿಯ ಅಡಿಗೆ ಆಧಾರದ ಕಾಲುಗಳಿರಬೇಕು. ಇಲ್ಲದಿದ್ದರೆ ಮೊದಲ ಕಾರು ರ‍್ಯಾಂಪ್ ದಾಟುವ ಹೊತ್ತಿಗೆ ಪಿಕಪ್‌ನ ಹಿಂದಿನ ಚಕ್ರಗಳು ನೆಲದ ಹಿಡಿತ ಕಳೆದುಕೊಳ್ಳಬಹುದು.

ಕಟ್ಟುವುದಕ್ಕೆ 2 ಇಂಚು ಅಗಲದ ರ‍್ಯಾಚೆಟ್ ಪಟ್ಟಿಗಳು ಸಾಕು. 10,000 ಪೌಂಡಿಗೆ ಹರಿಯುವ ಇಂಥ ಪಟ್ಟಿಯ ಕೆಲಸದ ಮಿತಿ 3,333 ಪೌಂಡ್. ಅಮೆರಿಕದ ವಾಣಿಜ್ಯ ಸಾಗಣೆಯ ನಿಯಮ ಪ್ರತಿ ಕಾರಿಗೆ ಮುಂದೆಯೂ ಹಿಂದೆಯೂ ಸೇರಿ ಕನಿಷ್ಠ ಎರಡು ಕಟ್ಟು ಕೇಳುತ್ತದೆ, ನೀವು ನಾಲ್ಕು ಮೂಲೆಗೂ ಒಂದೊಂದು ಹಾಕಿ. ಚಕ್ರಗಳ ಸುತ್ತ ಬಿಗಿಯುವ ಪಟ್ಟಿಗಳು ಸಣ್ಣ ಕಾರಿಗೆ ಹೆಚ್ಚು ಅನುಕೂಲ, ಏಕೆಂದರೆ ಸಸ್ಪೆನ್ಷನ್ ತನ್ನಷ್ಟಕ್ಕೆ ಆಡುತ್ತಿದ್ದರೂ ಕಟ್ಟು ಸಡಿಲವಾಗುವುದಿಲ್ಲ. ಟ್ರೇಲರ್ ಕೊಳ್ಳುವಾಗ ಹಾಸಿನಲ್ಲಿ ಎಂಟು ಕಟ್ಟುಬಳೆಗಳಿಗೆ ಗಟ್ಟಿಯಾದ ಜಾಗ ಇದೆಯೇ, ಅವು ಅಡಿಯ ಕಬ್ಬಿಣದ ತೊಲೆಗೆ ಬೆಸೆದಿವೆಯೇ ಅಥವಾ ಬರೀ ಹಲಗೆಗೆ ಬಿಗಿದಿವೆಯೇ ಎಂದು ಬಗ್ಗಿ ನೋಡಿ.

ಏಳನೆಯ ಹಂತ: ಕಾನೂನು ಮತ್ತು ನಿಲ್ಲಿಸುವ ಜಾಗ

ಫಲಕಗಳಲ್ಲಿ ಬರೆದಿರುವ ಪಿಕಪ್ ಮತ್ತು ಟ್ರೇಲರಿನ ದರ್ಜೆ ಸೇರಿ 26,001 ಪೌಂಡ್ ಅಥವಾ ಹೆಚ್ಚಾಗಿ, ಅದರಲ್ಲಿ ಟ್ರೇಲರಿನ ದರ್ಜೆ 10,000 ಮೀರಿದ್ದರೆ, ವಾಣಿಜ್ಯ ಬಳಕೆಗೆ ಎ ವರ್ಗದ ವಾಣಿಜ್ಯ ಪರವಾನಗಿ ಬೇಕು. 10,000 ದರ್ಜೆಯ ಎಫ್-250 ಜೊತೆ 14,000ದ ಟ್ರೇಲರು ಸೇರಿ 24,000, ಇದು ಮಿತಿಯೊಳಗೆ. 14,000 ದರ್ಜೆಯ ಜೋಡಿ ಚಕ್ರದ ಎಫ್-350 ಜೊತೆ ಅದೇ ಟ್ರೇಲರು 28,000 ಆಗಿ ಮಿತಿ ದಾಟುತ್ತದೆ. ಸ್ವಂತಕ್ಕೆ ಸಾಗಿಸುವವರಿಗೆ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆಯಾಗುವುದರಿಂದ ನಿಮ್ಮ ರಾಜ್ಯದ ಡಿಎಂವಿ (ಮೋಟಾರು ವಾಹನ ಇಲಾಖೆ) ಕೈಪಿಡಿಯನ್ನೇ ನೋಡಬೇಕು. ಗೆಳೆಯನ ಕಾರನ್ನು ಹಣ ಪಡೆದು ಸಾಗಿಸಿದರೆ ಅದು ಸ್ವಂತ ಬಳಕೆ ಎನಿಸುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ವಾಹನಕ್ಕೆ ಗಂಟೆಗೆ 55 ಮೈಲಿಯೇ ಮಿತಿ.

32 ಅಡಿ ಹಾಸಿನ ಟ್ರೇಲರಿನ ಮೂತಿಯೂ 20 ಅಡಿಯ ಪಿಕಪ್ಪೂ ಸೇರಿ ಉದ್ದ 55 ಅಡಿ ದಾಟುತ್ತದೆ. ಇದನ್ನು ಮನೆಯ ಮುಂದೆ ನಿಲ್ಲಿಸಲು ಅನೇಕ ಬಡಾವಣೆಗಳ ಮನೆಮಾಲೀಕರ ಸಂಘಗಳ, ಅಂದರೆ ಎಚ್‌ಒಎ ನಿಯಮಗಳು ಬಿಡುವುದಿಲ್ಲ. ಕೊಂಡ ಮೇಲೆ ತಿಂಗಳ ಬಾಡಿಗೆಗೆ ಜಾಗ ಹುಡುಕುವ ಬದಲು ಆ ಖರ್ಚನ್ನು ಮೊದಲೇ ಬೆಲೆಗೆ ಸೇರಿಸಿ ನೋಡಿ. ಮನೆ ಬದಲಿಸುವುದಕ್ಕೆಂದು ಒಂದೇ ಒಂದು ಸಲ ಸಾಗಿಸುವವರಿಗೆ ಕಾರು ಸಾಗಣೆಯ ಕಂಪನಿಗೆ ಒಪ್ಪಿಸುವುದು, ಇಲ್ಲವೇ ಒಂದು ಕಾರನ್ನು ಬಾಡಿಗೆ ಟ್ರೇಲರಿನಲ್ಲಿ ಒಯ್ದು ಇನ್ನೊಂದನ್ನು ಮನೆಯವರು ಓಡಿಸಿಕೊಂಡು ಬರುವುದೇ ಅಗ್ಗ. ಎರಡು ಕಾರಿನ ಟ್ರೇಲರು ವರ್ಷಕ್ಕೆ ಹಲವು ಸಲ ಬಳಸುವವರ ಸಾಮಾನು.

ಎಂಟನೆಯ ಹಂತ: ಹಳೆಯ ಟ್ರೇಲರಿನ ಪರೀಕ್ಷೆ, ಮೊದಲ ಪ್ರಯಾಣ

ಬಳಸಿದ ಟ್ರೇಲರು ಕೊಳ್ಳುವಾಗ ಬಣ್ಣವನ್ನಲ್ಲ, ಅಡಿಭಾಗವನ್ನು ನೋಡಿ. ಮುಖ್ಯ ತೊಲೆಗಳು ಮೂತಿಯನ್ನು ಸೇರುವ ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು, ಸ್ಪ್ರಿಂಗ್ ತೂಗುವ ಕೊಂಡಿಗಳಲ್ಲಿ ಉದ್ದುದ್ದ ಸವೆದ ತೂತು, ಒಂದೇ ಟೈರಿನ ಒಂದೇ ಅಂಚು ಸವೆದಿರುವುದು, ಇವು ಬಾಗಿದ ಆಕ್ಸಲಿನ ಅಥವಾ ಮಿತಿ ಮೀರಿ ಹೇರಿದ ಚರಿತ್ರೆಯ ಗುರುತುಗಳು. ಟೈರಿನ ಪಕ್ಕದಲ್ಲಿ ಡಾಟ್ (DOT) ಎಂದು ಆರಂಭವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕೆಗಳಲ್ಲಿ ತಯಾರಾದ ವಾರ ಮತ್ತು ವರ್ಷ ಇರುತ್ತದೆ: 2319 ಎಂದರೆ 2019ರ 23ನೆಯ ವಾರ. ಮೇಲ್ಮೈಯ ಅಚ್ಚು ಎಷ್ಟೇ ಚೆನ್ನಾಗಿದ್ದರೂ ಐದಾರು ವರ್ಷ ದಾಟಿದ ಟೈರುಗಳ ಬೆಲೆಯನ್ನು ಚೌಕಾಸಿಯಲ್ಲಿ ಕಳೆದೇ ಕೊಡಿ.

ಎಲ್ಲ ಸಿದ್ಧವಾದ ಮೇಲೆ ಮೊದಲು ಖಾಲಿ ಪಿಕಪ್ಪನ್ನು, ಆಮೇಲೆ ಕಾರು ಹೇರಿದ ಟ್ರೇಲರಿನೊಂದಿಗೆ ಭಾರ ಹಂಚುವ ಕಂಬಿಗಳನ್ನು ಬಿಚ್ಚಿ, ಕೊನೆಗೆ ಕಂಬಿಗಳನ್ನು ಬಿಗಿದು, ಹೀಗೆ ಮೂರು ಸಲ ತೂಕದ ಕಟ್ಟೆ ಹತ್ತಿಸಿ. ಮೊದಲೆರಡು ಚೀಟಿಗಳಲ್ಲಿ ಪಿಕಪ್‌ನ ಎರಡೂ ಆಕ್ಸಲುಗಳ ಮೊತ್ತದ ನಡುವೆ ಬರುವ ವ್ಯತ್ಯಾಸವೇ ನಿಜವಾದ ಮೂಕಿಭಾರ. ಮೂರನೆಯದರಲ್ಲಿ ಮುಂದಿನ ಚಕ್ರಗಳ ತೂಕ ಖಾಲಿ ಪಿಕಪ್‌ನದಕ್ಕೆ ಸಮೀಪ ಮರಳಿರಬೇಕು, ಹಿಂದಿನ ಆಕ್ಸಲು ಬಾಗಿಲಿನ ಕಂಬದಲ್ಲಿ ಬರೆದ ಮಿತಿಯೊಳಗಿರಬೇಕು. ಮೂಕಿಭಾರ ಶೇಕಡಾ 10ಕ್ಕಿಂತ ಕಡಿಮೆ ಬಂದರೆ ಅಲ್ಲೇ ಪಕ್ಕದಲ್ಲಿ ನಿಲ್ಲಿಸಿ ಪಟ್ಟಿ ಬಿಚ್ಚಿ, ಕಾರುಗಳನ್ನು ಮುಂದೆ ಸರಿಸಿ, ಮತ್ತೆ ತೂಗಿಸಿ. ಸರಿಯಾದ ಸ್ಥಾನ ಸಿಕ್ಕಿದ ಮೇಲೆ ಪ್ರತಿ ಚಕ್ರದ ಮುಂದೆ ಹಾಸಿನ ಮೇಲೆ ಬಣ್ಣದಿಂದ ಗೆರೆ ಎಳೆದುಬಿಟ್ಟರೆ ಅದೇ ಜೋಡಿ ಕಾರುಗಳಿಗೆ ಮುಂದೆ ಈ ಕೆಲಸ ಉಳಿಯುತ್ತದೆ. ಹೊರಟ ಮೇಲೆ 50 ಮೈಲಿಯೊಳಗೆ ಒಮ್ಮೆ ನಿಲ್ಲಿಸಿ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿದು, ಪಟ್ಟಿಗಳನ್ನು ಇನ್ನೊಂದು ಹಲ್ಲು ಎಳೆದು, ಟ್ರೇಲರಿನ ಚಕ್ರಗಳ ನಡುವಿನ ನಾಲ್ಕೂ ಹಬ್‌ಗಳ ಬಳಿ ಕೈ ಹಿಡಿದು ನೋಡಿ. ಉಳಿದವುಗಳಿಗಿಂತ ಒಂದು ಹಬ್ ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಅದರ ಬೇರಿಂಗ್ ಅಥವಾ ಬ್ರೇಕನ್ನು ಬಿಚ್ಚಿಸಿ ನೋಡಿದ ನಂತರವೇ ಪ್ರಯಾಣ ಮುಂದುವರಿಸಬೇಕು.